ಕೇಳಿ ಇಳಿದ ನೀರು

ಪೆಲ್ಟೊ
೯ ಮಾರ್ಚ್ ೧೯೯೮

ರಾಜ್ಯ ಜಲಮಾರ್ಗ ಸಲಹಾ ಮಂಡಳಿಯ ಕಾರ್ಯದರ್ಶಿಗಳಿಗೆ,

ನನ್ನ ಪೂರ್ಣ ಹೆಸರು ಸಿಲ್ವಿ ಮರಿಯಾ ರೌತಿಯೊ. ೧೯೫೧ರಿಂದ ೧೯೮೯ರವರೆಗೆ, ಮೂವತ್ತೆಂಟು ವರ್ಷ, ಪೆಲ್ಟೊ ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಅಧ್ಯಾಪಕಿಯಾಗಿ ಸೇವೆ ಸಲ್ಲಿಸಿದ್ದೇನೆ. ಆ ಅವಧಿಯಲ್ಲಿ ರಜೆ ಹಾಕಿದ್ದು ಎರಡೇ ಸಲ: ತಂದೆಯ ಸಾವಿಗೊಮ್ಮೆ, ತಾಯಿಯ ಸಾವಿಗೊಮ್ಮೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಮುಂದಿನ ಮಾತುಗಳನ್ನು ಬರೆದವಳು ಅಳೆದು ತೂಗಿ ಬರೆಯುವವಳು ಎಂಬುದು ಮಂಡಳಿಗೆ ತಿಳಿದಿರಲಿ ಎಂದಷ್ಟೇ.

ನಮ್ಮ ಊರಿಗೂ ಗ್ರೇಲಿಂಗ್ ಸರೋವರಕ್ಕೂ ನಡುವೆ ಎಕ್‌ಲುಂಡ್ ಮನೆತನದ ಹುಲ್ಲುಗಾವಲಿದೆ. ಅದರ ಅಂಚಿನಲ್ಲಿ ಗಾಡಿಯೊಂದು ಹೋಗುವಷ್ಟು ಅಗಲದ ದಾರಿ ನೀರಿಗೆ ಇಳಿಯುತ್ತದೆ. ಅಲ್ಲಿ ಮರಳಿದೆ, ಆಳ ನಿಧಾನವಾಗಿ ಹೆಚ್ಚುತ್ತದೆ. ಉಳಿದ ದಡವೆಲ್ಲ ಒಂದೋ ಕಡಿದಾದ ಬಂಡೆ, ಇಲ್ಲವೇ ಬೇಸಿಗೆಗೆ ಬಂದುಹೋಗುವವರ ಬೇಲಿ. ನಾವು ಅದನ್ನು ಎಕ್‌ಲುಂಡ್ ರೇವು ಎನ್ನುತ್ತೇವೆ. ದೋಣಿ ಇಳಿಸುವುದು ಅಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲಕ್ಕೆ ಮೀನು ಹಿಡಿಯುವ ಗುಡಿಸಲುಗಳನ್ನು ಎಳೆದೊಯ್ಯುವುದು ಅಲ್ಲಿಂದಲೇ.

೧೯೫೬ರ ಜುಲೈಯಲ್ಲಿ ನನ್ನ ವಿದ್ಯಾರ್ಥಿನಿ ಎಲ್ವಾ ಮಾಕಿ, ಒಂಬತ್ತು ವರ್ಷದವಳು, ಊರಾಚೆಯ ಹಳೆಯ ಕಬ್ಬಿಣದ ಗಣಿಯ ಗುಂಡಿಯಲ್ಲಿ ಮುಳುಗಿ ಸತ್ತಳು. ಆ ಗುಂಡಿಗೆ ದಡವೆಂಬುದಿಲ್ಲ; ಕಾಲಿಟ್ಟಲ್ಲೇ ಪಾತಾಳ. ಅಂದಿನಿಂದ ಇಂದಿನವರೆಗೆ, ನಿವೃತ್ತಿಯ ಬಳಿಕವೂ, ಪ್ರತಿ ಜೂನ್ ತಿಂಗಳಲ್ಲಿ ನಾಲ್ಕನೆಯ ತರಗತಿಯ ಪ್ರತಿಯೊಂದು ಮಗುವಿಗೂ ರೇವಿನಲ್ಲಿ ಈಜು ಕಲಿಸಿದ್ದೇನೆ. ಆಮೇಲೆ ಪೆಲ್ಟೊದ ಒಂದು ಮಗುವೂ ನೀರುಪಾಲಾಗಿಲ್ಲ.

ಕಳೆದ ಶರತ್ಕಾಲದಲ್ಲಿ ಆಲ್ಬಿನ್ ಎಕ್‌ಲುಂಡ್ ತೀರಿಕೊಂಡರು. ಅವರ ಮೊಮ್ಮಗಳು ಜಮೀನನ್ನು ದಕ್ಷಿಣದ ನಗರವೊಂದರ ಬ್ರಾಡೆನ್ ಹೋಲ್ಕಂ ಎಂಬವರಿಗೆ ಮಾರಿದಳು. ಫೆಬ್ರವರಿಯಲ್ಲಿ ದಾರಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಿತ್ತು. ಹೋಲ್ಕಂ ಅವರ ವಕೀಲರು ಬರೆದ ಪತ್ರದಲ್ಲಿ ಊರಿನವರನ್ನು ‘ನುಗ್ಗುವವರು’ ಎಂದು ಕರೆಯಲಾಗಿದೆ.

ಈ ಪದಕ್ಕೆ ಉತ್ತರ ಕೊಡಲೇಬೇಕು. ನಮ್ಮ ಅಜ್ಜಂದಿರ ಕಾಲದಿಂದ ಪೆಲ್ಟೊದಲ್ಲಿ ಒಂದು ಪದ್ಧತಿಯಿದೆ. ಸರೋವರದ ಹಿಮ ಒಡೆದ ಮೇಲೆ ಬರುವ ಮೊದಲ ಶನಿವಾರ, ಆ ವರ್ಷ ನೀರಿಗೆ ಇಳಿಯುವ ಪ್ರತಿ ಮನೆಯಿಂದ ಒಬ್ಬರು, ಏಲಕ್ಕಿ ಹಾಕಿ ಹೆಣೆದು ಸುಟ್ಟ ನಿಸು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಕ್‌ಲುಂಡರ ಅಡುಗೆಮನೆಯ ಬಾಗಿಲಿಗೆ ಹೋಗುತ್ತಾರೆ. “ಈ ವರ್ಷನೂ ಇಳೀಬಹುದಾ, ಆಲ್ಬಿನ್?” “ಇಳೀರಿ, ಇಳೀರಿ. ಗೇಟ್ ಮಾತ್ರ ಮುಚ್ಕೊಂಡು ಹೋಗಿ, ಹಸು ಹೊರಗ್ ಬಂದ್ಬಿಡ್ತಾವೆ.” ಅಷ್ಟೇ ಮಾತು. ಆಮೇಲೆ ಕಾಫಿ. ನಾನೂ ನಲವತ್ತೊಂದು ವಸಂತಗಳಲ್ಲಿ ಹೀಗೆ ಹೋಗಿ ಕೇಳಿದ್ದೇನೆ. ಮಕ್ಕಳನ್ನೂ ಕರೆದೊಯ್ದು ಅವರಿಂದಲೇ ಕೇಳಿಸಿದ್ದೇನೆ. ನುಗ್ಗುವವರು ಹೀಗೆ ನಡೆದುಕೊಳ್ಳುತ್ತಾರೆಯೆ?

ಸಾರ್ವಜನಿಕರು ಹದಿನೈದು ವರ್ಷ ಎಡೆಬಿಡದೆ ಬಳಸಿದ ದಾರಿಯ ಬಗ್ಗೆ ತಮ್ಮ ಮಂಡಳಿ ವಿಚಾರಣೆ ನಡೆಸಿ ಸರ್ಕಾರಕ್ಕೆ ಸಲಹೆ ನೀಡುತ್ತದೆಂದು ತಿಳಿದಿದ್ದೇನೆ. ನಮ್ಮದು ಹದಿನೈದಲ್ಲ, ಎಪ್ಪತ್ತು. ರೇವನ್ನು ಊರಿಗೆ ಉಳಿಸಿಕೊಡಬೇಕು.

ಸಿಲ್ವಿ ಎಂ. ರೌತಿಯೊ


ರಾಜಧಾನಿ
೨ ಏಪ್ರಿಲ್ ೧೯೯೮

ಮಾನ್ಯ ಮಿಸ್ ರೌತಿಯೊ ಅವರಿಗೆ,

ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನಾನು ವೆಂಡೆಲ್ ಪೆನ್‌ಹೇಲ್, ನಿಮ್ಮ ನಾಲ್ಕನೆಯ ತರಗತಿಯ ೧೯೬೩ರ ತಂಡದವನು. ಗಣಿಯ ಪಂಪುಮನೆಯ ಪೆನ್‌ಹೇಲನ ಎರಡನೆಯ ಮಗ. ನನ್ನನ್ನು ನೀರಿಗಿಳಿಸಲು ನಿಮಗೆ ನಾಲ್ಕು ದಿನ ಬೇಕಾಯಿತು. ಈ ಮಂಡಳಿಯ ಕಾರ್ಯದರ್ಶಿಯಾಗಿ ಇದು ನನಗೆ ಒಂಬತ್ತನೆಯ ವರ್ಷ.

ನಿಮ್ಮ ಅರ್ಜಿ ತಲುಪಿದೆ. ಮಂಡಳಿಯಲ್ಲಿ ಏಳು ಮಂದಿ ಇದ್ದಾರೆ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಬೇರೆ ಕಸುಬಿದೆ. ಅವರು ಆದೇಶ ಕೊಡುವವರಲ್ಲ, ಸಲಹೆ ಕೊಡುವವರು. ಆದರೆ ಅವರು ಬೇಡವೆಂದ ರೇವಿಗಾಗಿ ಇಲಾಖೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ.

ಕಾರ್ಯದರ್ಶಿಯಾದವನು ಅರ್ಜಿದಾರರಿಗೆ ಸಲಹೆ ನೀಡುವಂತಿಲ್ಲ. ಆದ್ದರಿಂದ ಎಲ್ಲರಿಗೂ ಹೇಳುವ ಒಂದು ಸಾಮಾನ್ಯ ಮಾತನ್ನಷ್ಟೇ ನಿಮಗೂ ಹೇಳುತ್ತಿದ್ದೇನೆ. ಮಂಡಳಿಯವರು ಚಿಕ್ಕ ಅರ್ಜಿಗಳನ್ನು ಮೆಚ್ಚುತ್ತಾರೆ. ಯಾರು ಇಳಿದರು, ಎಂದಿನಿಂದ ಇಳಿದರು, ಎಷ್ಟು ಸಲ ಇಳಿದರು: ಇಷ್ಟು ಸಾಕು. ನಿಸು ಬ್ರೆಡ್ಡಿನ ಪ್ಯಾರಾದಂಥ ವಿವರಗಳು, ಎಷ್ಟೇ ಸೊಗಸಾಗಿದ್ದರೂ, ಇರಲೇಬೇಕೆಂದಿಲ್ಲ. ಈ ತಿಂಗಳ ಕೊನೆಯವರೆಗೆ ಅರ್ಜಿಯನ್ನು ಹಿಂಪಡೆದು ಹೊಸದಾಗಿ ಬರೆದು ಸಲ್ಲಿಸಲು ಎಲ್ಲರಿಗೂ ಅವಕಾಶವಿದೆ. ಆ ಅವಕಾಶ ಇದೆ ಎಂದು ಮಾತ್ರ ತಿಳಿಸುತ್ತಿದ್ದೇನೆ.

ಆ ಪ್ಯಾರಾ ಓದಿದಾಗ ನನಗೆ ಎಕ್‌ಲುಂಡರ ಅಡುಗೆಮನೆಯ ವಾಸನೆ ಬಂತು.

ವಿಧೇಯ,
ವೆಂಡೆಲ್ ಪೆನ್‌ಹೇಲ್


ಪೆಲ್ಟೊ
೧೩ ಏಪ್ರಿಲ್ ೧೯೯೮

ಪ್ರಿಯ ವೆಂಡೆಲ್,

ನಿನ್ನನ್ನು ಮರೆತಿಲ್ಲ. ನಾಲ್ಕು ದಿನವಲ್ಲ, ಐದು. ಮೊದಲ ದಿನ ನೀನು ಹಸುಗಳ ನಡುವೆ ಅಡಗಿ ಕುಳಿತಿದ್ದೆ. ನನ್ನ ಹುಡುಗನೊಬ್ಬ ರಾಜ್ಯದ ಕಚೇರಿಯಲ್ಲಿ ಇಷ್ಟು ತಿದ್ದಿದ ಅಕ್ಷರದಲ್ಲಿ ಕಾಗದ ಬರೆಯುತ್ತಾನೆಂದು ತಿಳಿದು, ಸುಳ್ಳೇಕೆ, ಅದನ್ನು ಎರಡು ಮನೆಗೆ ಒಯ್ದು ತೋರಿಸಿದೆ.

ಆದರೆ ನಿನ್ನ ಸಲಹೆಯನ್ನು ಒಪ್ಪಲಾರೆ. ಪ್ರಬಂಧದಲ್ಲಿ ಯಾವುದು ಬೇಕು ಯಾವುದು ಬೇಡ ಎಂಬುದನ್ನು ನಿನಗೆ ಕಲಿಸಿದವಳು ನಾನು. ಆ ಪ್ಯಾರಾ ಅಲಂಕಾರವಲ್ಲ, ಅರ್ಜಿಯ ಬೆನ್ನೆಲುಬು. ನಮ್ಮನ್ನು ನುಗ್ಗುವವರೆಂದು ಕರೆದಿದ್ದಾರೆ, ಅಲ್ಲವೆಂದು ತೋರಿಸಬೇಡವೆ? ನಡೆದದ್ದನ್ನು ನಡೆದಂತೆ ಹೇಳುವುದನ್ನು ಬಿಟ್ಟು ಮಂಡಳಿಯ ಪುರುಸೊತ್ತಿಗೆ ತಕ್ಕಂತೆ ಕತ್ತರಿಸಿ ಕೊಡುವುದು ನನ್ನಿಂದಾಗದು.

ಕತ್ತರಿಸುವ ಬದಲು ಬಲಪಡಿಸಿದ್ದೇನೆ. ಇದರೊಂದಿಗೆ ಮೂವತ್ತೊಂದು ಮಂದಿಯ ಪ್ರಮಾಣಪತ್ರಗಳಿವೆ. ಪ್ರತಿಯೊಬ್ಬರೂ ತಾವು ಯಾವ ವರ್ಷದಿಂದ ಆಲ್ಬಿನ್ ಮನೆಗೆ ಹೋಗಿ ಕೇಳಿದರು, ಅವರು ಏನೆಂದರು ಎಂಬುದನ್ನು ಬರೆದು ಸಹಿ ಮಾಡಿದ್ದಾರೆ. ಒಂದರಲ್ಲೂ ಕಾಗುಣಿತ ತಪ್ಪಿಲ್ಲ; ನಾನೇ ತಿದ್ದಿದ್ದೇನೆ.

ಒಂದನ್ನು ಮಾತ್ರ ತಿರಸ್ಕರಿಸಿದೆ. ಉರ್ಹೊ ಕಾಂಗಾಸ್ ನೆನಪಿದ್ದಾನೆಯೆ? ನಿನಗಿಂತ ಮೂರು ವರ್ಷ ದೊಡ್ಡವನು. ಈಗಲೂ ಹಾಗೆಯೇ ಇದ್ದಾನೆ: ಕೆಲಸ ಆರು ತಿಂಗಳು, ಕುಡಿತ ಹನ್ನೆರಡು ತಿಂಗಳು. ಮೊನ್ನೆ ಬಾಗಿಲಿಗೆ ಬಂದು ನಿಂತ.

“ಟೀಚರ್, ಸಾಕ್ಷಿ ಬರೆಸ್ತಾ ಇದೀರಂತೆ. ನಂದೂ ಒಂದು ಹಾಕ್ಕೊಳ್ಳಿ.”

“ನೀನು ಯಾವತ್ತಾದರೂ ಆಲ್ಬಿನ್ ಹತ್ತಿರ ಹೋಗಿ ಕೇಳಿದ್ದೀಯಾ, ಉರ್ಹೊ?”

“ನಾನಾ? ಕೇಳೋದಾ? ದೇವ್ರು ಕೊಟ್ಟ ನೀರಿಗೆ ಇಳಿಯೋಕೆ ಆ ಮುದ್ಕನ್ನ ಯಾಕ್ ಕೇಳ್ಲಿ? ಇಪ್ಪತ್ತೈದು ವರ್ಷದಿಂದ ಬೇಲಿ ಹಾರ್ಕೊಂಡೇ ಹೋಗಿದೀನಿ. ಹಾಡುಹಗಲಲ್ಲೇ! ನಾಯಿ ಛೂ ಬಿಟ್ಟ. ಒಂದ್ಸಲ ಬಂದೂಕಿಗೆ ಉಪ್ಪು ತುಂಬಿ ಹಿಂದ್ಗಡೆಗೆ ಹೊಡ್ದ. ಗುರುತಿನ್ನೂ ಐತೆ, ತೋರಿಸ್ಲಾ?”

“ಬೇಡ,” ಎಂದೆ.

“ನಮ್ಮಣ್ಣ, ಆ ಸಾಮಿಲ್ಲಿನ ಹುಡುಗ್ರು, ಎಲ್ಲಾರೂ ಹಂಗೇ ಹೋಗ್ತಿದ್ದಿದ್ದು. ಬರೀರಿ, ಹೆಬ್ಬೆಟ್ಟು ಹಾಕ್ತೀನಿ.”

“ನಿನಗೆ ಸಹಿ ಮಾಡಲು ಕಲಿಸಿದ್ದೇನೆ. ಆದರೆ ಈ ಕಾಗದದ ಮೇಲೆ ಅದು ಬೇಡ. ಮೂವತ್ತೊಂದು ಮರ್ಯಾದಸ್ಥರ ಸಾಲಿನಲ್ಲಿ ನಿನ್ನನ್ನು ಕೂರಿಸಿದರೆ ಆ ವಕೀಲ ಹೇಳಿದ್ದೇ ನಿಜವಾಗುತ್ತದೆ.”

ಟೋಪಿ ಹಾಕಿಕೊಂಡು ಹೊರಟುಹೋದ. ನಾನು ಮಾಡಿದ್ದು ಸರಿಯೆಂದು ನೀನೂ ಒಪ್ಪುತ್ತೀಯೆ.

ಸಿಲ್ವಿ ರೌತಿಯೊ


ರಾಜಧಾನಿ
೧೯ ಮೇ ೧೯೯೮

ಮಾನ್ಯ ಮಿಸ್ ರೌತಿಯೊ ಅವರಿಗೆ,

ಮೂವತ್ತೊಂದು ಪ್ರಮಾಣಪತ್ರಗಳು ಕಡತ ಸೇರಿವೆ. ಅರ್ಜಿ ಬದಲಿಸುವ ಅವಧಿ ಮುಗಿದಿದೆ. ವಿಚಾರಣೆ ಸೆಪ್ಟೆಂಬರ್ ೧೭ಕ್ಕೆ, ಇಲ್ಲಿಯೇ.

ಐದು ದಿನ ಎಂಬುದನ್ನು ಒಪ್ಪಿಕೊಂಡೆ. ಉರ್ಹೊನ ವಿಷಯ ಓದಿ ನಕ್ಕೆ. ಎರಡನೆಯ ಸಲ ಓದಿದಾಗ ನಗಲಿಲ್ಲ. ಮಂಡಳಿ ಎಲ್ಲ ಬಗೆಯ ಸಾಕ್ಷಿಗಳನ್ನೂ ಕೇಳುತ್ತದೆ, ಯಾರಿಂದಲೂ ನಡತೆಯ ಪ್ರಮಾಣಪತ್ರ ಕೇಳುವುದಿಲ್ಲ. ವಿಚಾರಣೆಯ ದಿನ ಅರ್ಜಿದಾರರು ತಮಗೆ ಬೇಕಾದವರನ್ನು ಕರೆತರಬಹುದು. ನೀವು ಬರುವ ಬಸ್ಸಿನಲ್ಲಿ ಎರಡು ಸೀಟು ಸಿಗುವುದು ಕಷ್ಟವಾಗಲಾರದು.

ವಿಧೇಯ,
ವೆಂಡೆಲ್ ಪೆನ್‌ಹೇಲ್


ಪೆಲ್ಟೊ
೨೨ ಜೂನ್ ೧೯೯೮

ಪ್ರಿಯ ವೆಂಡೆಲ್,

ನಿನ್ನ ಹಾಸ್ಯ ಅರ್ಥವಾಯಿತು. ಹತ್ತು ಗಂಟೆಯ ಪ್ರಯಾಣದಲ್ಲಿ ಉರ್ಹೊ ಕಾಂಗಾಸನ ಪಕ್ಕದಲ್ಲಿ ಕುಳಿತು ಬರುವಷ್ಟು ಪಾಪವನ್ನು ನಾನು ಮಾಡಿಲ್ಲ.

ಈ ಜೂನಿನಲ್ಲಿ ಈಜು ಪಾಠ ನಡೆಯಲಿಲ್ಲ. ೧೯೫೬ರ ನಂತರ ಇದೇ ಮೊದಲು. ಅತ್ಯಂತ ಹತ್ತಿರದ ಈಜುಕೊಳ ನಲವತ್ತು ಮೈಲಿ ದೂರದಲ್ಲಿದೆ. ಶಾಲೆಯ ಬಸ್ಸಿಗೆ ಬೇಸಿಗೆಯಲ್ಲಿ ಚಾಲಕನಿಲ್ಲ. ಗಣಿಯ ಗುಂಡಿಯ ಬೇಲಿಯನ್ನು ಮಕ್ಕಳು ಆಗಲೇ ಎರಡು ಕಡೆ ಬಗ್ಗಿಸಿದ್ದಾರೆ. ನಾನು ಮಧ್ಯಾಹ್ನದ ಹೊತ್ತು ಮಡಚುವ ಕುರ್ಚಿಯನ್ನೂ ಹಗ್ಗವನ್ನೂ ಹಿಡಿದುಕೊಂಡು ಅಲ್ಲಿ ಹೋಗಿ ಕೂರುತ್ತೇನೆ. ಮಕ್ಕಳಿಗೆ ನನ್ನನ್ನು ಕಂಡರೆ ಬೇಸರ. ಮಾರ್ಸಿ ಡುಫ್ರೇನಳ ಮಗಳು ಟೆಸ್ಸಾ, ಈ ವರ್ಷ ನಾಲ್ಕನೆಯ ತರಗತಿ ಮುಗಿಸಿದವಳು, ಮುಖಕ್ಕೆ ಹೊಡೆದಂತೆ ಕೇಳಿದಳು:

“ಮಿಸ್, ರೇವಲ್ಲಿ ಈಜ್ಬಾರ್ದು ಅಂತಾರೆ, ಇಲ್ಲಿ ಈಜ್ಬಾರ್ದು ಅಂತೀರಿ. ಹಂಗಾದ್ರೆ ಎಲ್ಲಿ ಈಜೋದು, ಬಚ್ಚಲಲ್ಲಾ?”

ಅವಳ ತಾಯಿಗೆ ಹೇಳಿದರೆ, “ಸರಿಯಾಗೇ ಕೇಳಿದ್ದಾಳೆ ಬಿಡಿ, ಮಿಸ್. ನೀವು ಎಷ್ಟು ದಿನ ಅಂತ ಕುರ್ಚಿ ಹಾಕ್ಕೊಂಡ್ ಕೂರ್ತೀರಾ?” ಎಂದಳು.

ಸೆಪ್ಟೆಂಬರ್‌ವರೆಗೆ, ಎಂದೆ. ಆಮೇಲೆ ಬೀಗ ಹೋಗುತ್ತದೆ.

ಸಿಲ್ವಿ ರೌತಿಯೊ


ಪೆಲ್ಟೊ
೧೯ ಸೆಪ್ಟೆಂಬರ್ ೧೯೯೮

ಪ್ರಿಯ ವೆಂಡೆಲ್,

ನಿನ್ನೆ ರಾತ್ರಿ ಮನೆ ಸೇರಿದೆ. ಮೇಜಿನ ತುದಿಯಲ್ಲಿ ಕುಳಿತಿದ್ದ ನಿನ್ನನ್ನು ಗುರುತಿಸಲು ಕಷ್ಟವಾಗಲಿಲ್ಲ, ಕಿವಿಗಳು ಅವೇ. ನೀನು ನನ್ನತ್ತ ಒಮ್ಮೆಯೂ ನೋಡಲಿಲ್ಲ. ಅದು ಸರಿ. ಪರಿಚಯವನ್ನು ಸಭೆಯಲ್ಲಿ ತೋರಿಸಿಕೊಳ್ಳದಿರುವುದೇ ಶಿಸ್ತು. ಬಾಗಿಲಿನ ಬಳಿ ಮಾತ್ರ ನಿಂತು ಹೋಗಬಹುದಿತ್ತು.

ವಿಚಾರಣೆ ನಾನೆಣಿಸಿದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಹೋಲ್ಕಂ ಅವರ ವಕೀಲ ಒಂದೇ ಒಂದು ಮಾತಿಗೂ ಅಡ್ಡಬರಲಿಲ್ಲ. ನಾನು ನಮ್ಮ ಪದ್ಧತಿಯನ್ನು ವಿವರಿಸುವಾಗ ಬರೆದುಕೊಳ್ಳುತ್ತಲೇ ಇದ್ದ. ಆಮೇಲೆ ನೀನು ಅಧ್ಯಕ್ಷರ ಕೈಗೆ ಒಂದು ಚೀಟಿ ಕೊಟ್ಟೆ. ಅವರು ಕನ್ನಡಕ ತೆಗೆದು ಕೇಳಿದರು:

“ಮಿಸ್ ರೌತಿಯೊ, ಒಂದು ಪ್ರಶ್ನೆ. ಕೇಳದೇ ಇಳಿದವರು ಯಾರಾದ್ರೂ ಇದ್ರಾ? ಅವಸರ ಇಲ್ಲ, ಯೋಚನೆ ಮಾಡಿ ಹೇಳಿ.”

ಯೋಚಿಸುವ ಅಗತ್ಯವಿರಲಿಲ್ಲ. “ನಮ್ಮ ಊರಿನಲ್ಲಿ ಅಂಥವರಿಲ್ಲ, ಸರ್,” ಎಂದೆ.

“ಒಬ್ಬರೂ ಇಲ್ವಾ?”

“ಒಬ್ಬರೂ ಇಲ್ಲ.”

ವಕೀಲ ಎದ್ದು ನಿಂತು, “ಥ್ಯಾಂಕ್ ಯೂ, ಮೇಡಂ. ನಾನು ಕೇಳೋದು ಏನೂ ಉಳಿದಿಲ್ಲ,” ಎಂದ. ಪಾಪ, ಅವನ ಕಿವಿ ಕೆಂಪಾಗಿತ್ತು. ಎಷ್ಟು ಹಣ ಕೊಟ್ಟರೂ ವಕೀಲನಿಗೂ ಒಂದು ಆತ್ಮಸಾಕ್ಷಿ ಇರುತ್ತದಲ್ಲ.

ಆದೇಶ ಬಂದ ದಿನ ರೇವಿನಲ್ಲಿ ಕಾಫಿ ಕಾಯಿಸುವುದೆಂದು ಮಾತಾಗಿದೆ. ನೀನೂ ಬರಬೇಕು.

ಸಿಲ್ವಿ ರೌತಿಯೊ


ರಾಜಧಾನಿ
೨೦ ಅಕ್ಟೋಬರ್ ೧೯೯೮

ಮಿಸ್ ಸಿಲ್ವಿ ಎಂ. ರೌತಿಯೊ ಮತ್ತು ಇತರ ಅರ್ಜಿದಾರರಿಗೆ,

ಎಕ್‌ಲುಂಡ್ ರೇವಿನ ಕುರಿತ ತಮ್ಮ ಅರ್ಜಿಯನ್ನು ಮಂಡಳಿ ಪರಿಶೀಲಿಸಿದೆ.

ಪರರ ಜಮೀನಿನ ಮೇಲಿನ ದಾರಿಯು ಬಳಕೆಯಿಂದ ಸಾರ್ವಜನಿಕರದಾಗಬೇಕಾದರೆ, ಆ ಬಳಕೆಯು ಮಾಲೀಕನ ಅನುಮತಿಯಿಲ್ಲದೆ, ಬಹಿರಂಗವಾಗಿ, ಹದಿನೈದು ವರ್ಷ ನಡೆದಿರಬೇಕು. ಕೇಳಿ ಪಡೆದ ಬಳಕೆ ಎಷ್ಟೇ ದೀರ್ಘವಾಗಿದ್ದರೂ ಅದು ಮಾಲೀಕನ ಸೌಜನ್ಯವೇ ಹೊರತು ಬಳಸಿದವನ ಹಕ್ಕಲ್ಲ. ಸೌಜನ್ಯವು ಕೊಟ್ಟವನೊಂದಿಗೆ ಮುಗಿಯುತ್ತದೆ. ಪೆಲ್ಟೊ ಊರಿನ ಪ್ರತಿಯೊಬ್ಬರೂ ಪ್ರತಿವರ್ಷವೂ ಅನುಮತಿ ಕೇಳಿಯೇ ಇಳಿದರೆಂದು ಮೂವತ್ತೊಂದು ಪ್ರಮಾಣಪತ್ರಗಳು ಹೇಳುತ್ತವೆ. ಕೇಳದೆ ಇಳಿದವರು ಒಬ್ಬರೂ ಇಲ್ಲವೆಂದು ಅರ್ಜಿದಾರರೇ ಸಭೆಯೆದುರು ನುಡಿದಿದ್ದಾರೆ. ಇದಕ್ಕೆ ವಿರುದ್ಧವಾದ ಒಂದು ಸಾಕ್ಷ್ಯವಾದರೂ ಇದ್ದಿದ್ದರೆ ವಿಚಾರಣೆ ಮುಂದುವರಿಯಬಹುದಿತ್ತು.

ಆದ್ದರಿಂದ ರೇವಿನ ಮೇಲೆ ಹಕ್ಕು ಸಾಧಿಸಬಾರದೆಂದು ಮಂಡಳಿ ಸರ್ಕಾರಕ್ಕೆ ಸಲಹೆ ನೀಡಿದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ವೆಂಡೆಲ್ ಪೆನ್‌ಹೇಲ್
ಕಾರ್ಯದರ್ಶಿ


ಪೆಲ್ಟೊ
೨೭ ಅಕ್ಟೋಬರ್ ೧೯೯೮

ಕಾರ್ಯದರ್ಶಿಗಳಿಗೆ,

ತಮ್ಮ ಪತ್ರ ತಲುಪಿತು. ಗ್ರಂಥಾಲಯದ ಕೋಣೆಯಲ್ಲಿ ಊರಿನವರನ್ನು ಸೇರಿಸಿ ಓದಿ ಹೇಳಿದೆ. ಮುಗಿಸಿದ ಮೇಲೆ ಮಾರ್ಸಿ ಡುಫ್ರೇನ್ ಎದ್ದಳು.

“ಅಂದ್ರೆ ನಾವು ಕಳ್ರ ಥರ ಇದ್ದಿದ್ರೆ ರೇವು ನಮ್ದಾಗ್ತಿತ್ತು. ಅಷ್ಟೇನಾ, ಮಿಸ್?”

“ಅಷ್ಟೇ,” ಎಂದೆ.

“ನಾನು ಕಾಗದ ಬರ್ದಿದ್ದು ನೀವು ಹೇಳ್ದಂಗೆ. ಕೇಳಿದ್ವಿ ಅನ್ನೋದನ್ನ ಎರಡ್ಸಲ ಬರೆಸಿದ್ರಿ.”

ಹೌದು, ಬರೆಸಿದ್ದೆ. ಎಪ್ಪತ್ತು ವರ್ಷ ಒಂದು ಊರು ಮರ್ಯಾದೆಯಿಂದ ನಡೆದುಕೊಂಡಿತೆಂಬುದೇ ಆ ಊರಿನ ಮೇಲಿನ ಆರೋಪವೆಂದು ನಾನು ಯಾವ ಪಾಠದಲ್ಲೂ ಓದಿರಲಿಲ್ಲ, ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಉರ್ಹೊ ಕಾಂಗಾಸನನ್ನು ಹುಡುಕಿಕೊಂಡು ಹೋದೆ. ಮನೆಯಲ್ಲಿರಲಿಲ್ಲ. ಹೋಲ್ಕಂ ಅವರ ಗೇಟಿನ ಬಳಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕುರ್ಚಿ ಹಾಕಿಕೊಂಡು ಕುಳಿತಿದ್ದ. ಜುಲೈಯಿಂದ ಅಲ್ಲಿ ಕಾವಲುಗಾರನಂತೆ.

“ಬೇಲಿ ಹಾರೋನಿಗೇ ಬೇಲಿ ಕಾಯೋ ಕೆಲ್ಸ, ಟೀಚರ್,” ಎಂದು ನಕ್ಕ. “ಆ ವಕೀಲ ಬಂದು ವಿಚಾರಿಸ್ದ, ನೀನು ಸಾಕ್ಷಿ ಹೇಳಿದ್ಯಾ ಅಂತ. ಟೀಚರು ಬೇಡ ಅಂದ್ರು ಅಂದೆ. ಅವತ್ತೇ ಕೆಲ್ಸ ಕೊಟ್ಟ. ನನ್ನ ಜೀವನದಲ್ಲಿ ಮೊದಲನೇ ಸಲ ಹನ್ನೆರಡು ತಿಂಗಳೂ ಸಂಬಳ ಬರೋ ಕೆಲ್ಸ!”

“ಈಗ ಸಾಕ್ಷಿ ಹೇಳುತ್ತೀಯಾ?”

“ಈಗ ಮರ್ಯಾದಸ್ಥ ಆಗೋಗಿದೀನಲ್ಲ, ಟೀಚರ್.”

ತಮ್ಮ ಪತ್ರದ ಒಂದು ಮಾತು ಹೇಳಿ ಮುಗಿಸುತ್ತೇನೆ. ಸಹಿ ಕಾರ್ಯದರ್ಶಿಯದು, ತೀರ್ಪು ಮಂಡಳಿಯದಿರಬಹುದು. ಆದರೆ ವಾಕ್ಯಗಳು ಯಾರವೆಂದು ನನಗೆ ಗೊತ್ತು. ‘ಸೌಜನ್ಯವು ಕೊಟ್ಟವನೊಂದಿಗೆ ಮುಗಿಯುತ್ತದೆ.’ ಚಿಕ್ಕ ವಾಕ್ಯವನ್ನು ಉದ್ದ ವಾಕ್ಯದ ಹಿಂದೆ ನಿಲ್ಲಿಸಲು ಕಲಿಸಿದವಳು ನಾನು. ಚೆನ್ನಾಗಿ ಬರೆದಿದ್ದೀರಿ. ಮಾರ್ಚ್ ತಿಂಗಳಿನಿಂದಲೇ ತಮಗೆ ಗೊತ್ತಿತ್ತು. ಒಂದು ಸಾಲು ನೇರವಾಗಿ ಬರೆಯಲು ತಮಗೇನಾಗಿತ್ತು?

ಸಿಲ್ವಿ ಮರಿಯಾ ರೌತಿಯೊ


ರಾಜಧಾನಿ
೮ ನವೆಂಬರ್ ೧೯೯೮

ಮಿಸ್,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ಕಚೇರಿಯ ಕಾಗದವಲ್ಲ.

ಗೊತ್ತಿತ್ತು. ನಿಮ್ಮ ಮೊದಲ ಪತ್ರವನ್ನು ಓದುವಾಗಲೇ ಗೊತ್ತಾಯಿತು. ಅದನ್ನು ಓದಿ ಬಾಗಿಲು ಹಾಕಿಕೊಂಡು ಕುಳಿತೆ. ಕಾರ್ಯದರ್ಶಿ ಒಂದು ಪಕ್ಷಕ್ಕೆ ದಾರಿ ತೋರಿಸಿದನೆಂದು ಗೊತ್ತಾದರೆ ಕಡತವೇ ರದ್ದಾಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಕೇಳಬೇಡಿ.

ನಾಲ್ಕನೆಯ ತರಗತಿಯಲ್ಲಿ, ಕಾಗುಣಿತದ ಪರೀಕ್ಷೆಯ ದಿನ, ಹಿಂದಿನ ಬೆಂಚಿನ ಹುಡುಗನಿಗೆ ಒಂದು ಪದ ಪಿಸುಗುಟ್ಟಿದ್ದಕ್ಕೆ ನೀವು ನನ್ನನ್ನು ಹೊರಗೆ ನಿಲ್ಲಿಸಿದ್ದಿರಿ. “ಸಹಾಯ ಅಂದುಕೊಂಡೆಯಾ? ಅದು ಕಳ್ಳತನ,” ಎಂದಿರಿ. ಹೊರಗೆ ಹಿಮ ಬೀಳುತ್ತಿತ್ತು. ಆ ಪಾಠವನ್ನು ನಾನು ಮರೆತಿಲ್ಲ.

ಆದರೂ ಮೂರು ಸಲ ಪ್ರಯತ್ನಪಟ್ಟೆ. ಪ್ಯಾರಾ ಬೇಡವೆಂದೆ. ಬಸ್ಸಿನಲ್ಲಿ ಎರಡು ಸೀಟು ಎಂದೆ. ಸಭೆಯಲ್ಲಿ ಚೀಟಿ ಕೊಟ್ಟವನೂ ನಾನೇ, ಪ್ರಶ್ನೆ ನನ್ನದು. ನೀವು ಉರ್ಹೊನ ಹೆಸರು ಹೇಳುತ್ತೀರಿ, ಅವನ ಅಣ್ಣನ ಹೆಸರು ಹೇಳುತ್ತೀರಿ ಎಂದುಕೊಂಡಿದ್ದೆ. ಸುಳ್ಳು ಹೇಳುತ್ತೀರಿ ಎಂದುಕೊಂಡಿರಲಿಲ್ಲ. ‘ಒಬ್ಬರೂ ಇಲ್ಲ’ ಎಂದಿರಿ. ನನ್ನ ಮೇಜಿನ ಖಾನೆಯಲ್ಲಿ ಏಪ್ರಿಲ್ ೧೩ರ ನಿಮ್ಮ ಪತ್ರವಿತ್ತು, ಮಿಸ್. ಅದು ನನ್ನ ಹೆಸರಿಗೆ ಬಂದ ಖಾಸಗಿ ಪತ್ರವಾದ್ದರಿಂದ ಕಡತಕ್ಕೆ ಸೇರಿಸಿರಲಿಲ್ಲ. ಸೇರಿಸಿದ್ದರೆ ರೇವು ಉಳಿಯುತ್ತಿತ್ತೇನೋ. ನೀವು ಮಂಡಳಿಯೆದುರು ಸುಳ್ಳು ನುಡಿದಿರೆಂಬುದೂ ಜೊತೆಗೇ ದಾಖಲಾಗುತ್ತಿತ್ತು. ಎರಡು ರಾತ್ರಿ ಯೋಚಿಸಿದೆ. ಸೇರಿಸಲಿಲ್ಲ.

ನಿಮ್ಮ ಮಾನ ಉಳಿಸಿದೆ ಎಂದು ಆಗ ಅನ್ನಿಸಿತ್ತು.

ವೆಂಡೆಲ್


ರಾಜಧಾನಿ
೪ ಮೇ ೧೯೯೯

ಮಿಸ್,

ಚಳಿಗಾಲವಿಡೀ ಉತ್ತರಕ್ಕಾಗಿ ಕಾದೆ. ಮೂರು ಪತ್ರಗಳನ್ನು ಬರೆದು ಹಾಕದೆ ಇಟ್ಟುಕೊಂಡೆ.

ಇದೊಂದನ್ನು ತಿಳಿಸಲೇಬೇಕು. ಹೋಲ್ಕಂ ಅವರ ವಕೀಲರು ಮಂಡಳಿಗೆ ಒಂದು ಪ್ರತಿ ಕಳಿಸಿದ್ದಾರೆ. ಪ್ರತಿ ಜೂನಿನ ಮೊದಲ ವಾರ ಶಾಲೆಯ ಮಕ್ಕಳು ರೇವಿಗೆ ಇಳಿಯಲು ಲಿಖಿತ ಅನುಮತಿ ಕೊಡುತ್ತಾರಂತೆ, ಬೇಡವೆನ್ನಿಸಿದ ದಿನ ಹಿಂಪಡೆಯುವ ಷರತ್ತಿನೊಂದಿಗೆ. ನಿಮಗೆ ಬೇರೆಯಾಗಿ, ನಿಮ್ಮ ಹೆಸರಿನಲ್ಲಿ, ಜೀವಮಾನದ ಅನುಮತಿ. ಹಿರಿಯರೆಂಬ ಗೌರವಕ್ಕೆ.

ದಯವಿಟ್ಟು ಒಪ್ಪಿಕೊಳ್ಳಿ. ಮಕ್ಕಳಾದರೂ ಈಜು ಕಲಿಯಲಿ. ಇದನ್ನು ಕಾರ್ಯದರ್ಶಿಯಾಗಿ ಹೇಳುತ್ತಿಲ್ಲ.

ವೆಂಡೆಲ್


ಪೆಲ್ಟೊ
೨೩ ಜೂನ್ ೧೯೯೯

ವೆಂಡೆಲ್,

ನವೆಂಬರಿನಲ್ಲಿ ನೀನು ನನ್ನ ಬಗ್ಗೆ ಬರೆದ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ. ಇಲ್ಲದ್ದರಿಂದ ಬರೆಯಲಿಲ್ಲ. ನಿನ್ನ ಬಗ್ಗೆ ನೀನೇ ಬರೆದುಕೊಂಡ ಮಾತಿಗೆ ಒಂದು ತಿದ್ದುಪಡಿಯಿದೆ. ನೀನು ಪಿಸುಗುಟ್ಟಲಿಲ್ಲವೆಂದಲ್ಲ, ಪಿಸುಗುಟ್ಟಿದೆ, ಆದರೆ ನನಗೆ ಕೇಳಿಸದಷ್ಟು ಮೆಲ್ಲಗೆ. ಅದು ಪ್ರಾಮಾಣಿಕತೆಯೂ ಆಗಲಿಲ್ಲ, ಉಪಕಾರವೂ ಆಗಲಿಲ್ಲ.

ಮಕ್ಕಳ ಅನುಮತಿಯನ್ನು ಒಪ್ಪಿಕೊಳ್ಳಿರೆಂದು ಶಾಲೆಗೆ ನಾನೇ ಹೋಗಿ ಹೇಳಿದೆ. ಈಜು ಬಾರದ ಮಗುವಿಗೆ ಹಕ್ಕಿನಿಂದೇನು ಪ್ರಯೋಜನ? ಹೊಸ ಅಧ್ಯಾಪಕಿ ಒಂದು ವಾರ ಕಲಿಸಿದಳು. ಎಲ್ಲರ ಕುತ್ತಿಗೆಗೂ ಹೋಲ್ಕಂ ಅವರ ಹೆಸರಿನ ಹಳದಿ ಚೀಟಿ ನೇತುಹಾಕಿದ್ದರು. ಟೆಸ್ಸಾಗೆ ಈಗ ಉಸಿರು ಹಿಡಿಯುವುದು ಬರುತ್ತದಂತೆ. ನಾನು ಹೋಗಲಿಲ್ಲ.

ನಾನು ಹೋದದ್ದು ಬೇರೆ ದಿನ, ಗೇಟು ಹತ್ತಿ. ಮೊದಲ ಸಲ ಮೇಲಿನ ಕಂಬಿಯವರೆಗೆ ಹತ್ತಿ ಅಲ್ಲೇ ಸಿಕ್ಕಿಹಾಕಿಕೊಂಡೆ. ಉರ್ಹೊ ಕುರ್ಚಿಯಿಂದ ಎದ್ದು ಓಡಿಬಂದ.

“ಟೀಚರ್! ಇಳೀರಿ, ಬೀಳ್ತೀರಾ! ಎಪ್ಪತ್ತು ವಯಸ್ಸಿಗೆ ಇದೇನ್ ಕೋತಿಯಾಟ?”

“ಹತ್ತುವುದನ್ನು ನಿನ್ನಿಂದ ಕಲಿಯಬೇಕಿತ್ತು. ಕಾಲನ್ನು ಎಲ್ಲಿಡಬೇಕು?”

“ಎಡಗಾಲು ಕೆಳಗೆ, ಆ ಕೊಂಡಿ ಮೇಲೆ… ಅಯ್ಯೋ, ನಾನ್ಯಾಕ್ ಹೇಳಿಕೊಡ್ತಾ ಇದೀನಿ! ಟೀಚರ್, ಬೀಗ ತೆಗೀತೀನಿ, ನಡ್ಕೊಂಡೇ ಒಳಗ್ ಬನ್ನಿ. ಯಾರೂ ನೋಡಲ್ಲ.”

“ಬೀಗ ತೆಗೆಯಬೇಡ. ನೀನು ತೆಗೆದರೆ ಅದು ಅನುಮತಿಯಾಗುತ್ತದೆ. ನೀನು ತಡೆಯಬೇಕು, ನಾನು ಕೇಳಬಾರದು. ತಡೆ.”

“ಹೆಂಗ್ ತಡೀಲಿ ನಿಮ್ಮನ್ನ?”

“ಪೊಲೀಸರನ್ನು ಕರೆ. ನೋಟಿಸು ಬರೆಸು. ದಿನಾಂಕ ಸರಿಯಾಗಿ ಹಾಕಿಸು.”

ಕರೆದ. ಬಂದ ಪೊಲೀಸ್ ಅಧಿಕಾರಿ ೧೯೭೯ರ ತಂಡದವನು. ದಡದಲ್ಲೇ ನಿಂತು ನೋಟಿಸು ಬರೆದ. ನಾನು ಅಷ್ಟರಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದೆ. ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪು ಬರೆದಿದ್ದ, ತಿದ್ದಿಸಿದೆ. ಕಡತಕ್ಕೆ ಸೇರಬೇಕಾದ ಕಾಗದವದು.

ಹದಿನೈದು ವರ್ಷವೆಂದರೆ ೨೦೧೪ರ ಜೂನ್. ಎಣಿಕೆ ಶುರುವಾಗಿದೆ. ಕಡತ ಮುಕ್ತಾಯಗೊಂಡಿದೆಯೆಂದು ಬರೆದಿದ್ದೆ, ಹೊಸದೊಂದನ್ನು ತೆರೆ. ಇನ್ನು ಮುಂದೆ ಬರುವ ಕಾಗದಗಳಲ್ಲಿ ಯಾವುದೂ ಖಾಸಗಿಯಲ್ಲ. ಎಲ್ಲವನ್ನೂ ಸೇರಿಸು.

ಸಿಲ್ವಿ ಮರಿಯಾ ರೌತಿಯೊ

ಲಗತ್ತುಗಳು:

೧. ಅತಿಕ್ರಮ ಪ್ರವೇಶದ ನೋಟಿಸು, ೯ ಜೂನ್ ೧೯೯೯, ನನ್ನ ಹೆಸರಿಗೆ.

೨. ಅದೇ, ೧೬ ಜೂನ್, ನನ್ನ ಹೆಸರಿಗೆ.

೩. ಅದೇ, ೨೨ ಜೂನ್, ಎರಡು ಪ್ರತಿ: ಒಂದು ನನ್ನ ಹೆಸರಿಗೆ, ಒಂದು ಮಾರ್ಸಿ ಡುಫ್ರೇನ್ ಹೆಸರಿಗೆ.

೪. ಹೋಲ್ಕಂ ಅವರು ನನಗೆ ಕೊಟ್ಟ ಜೀವಮಾನದ ಅನುಮತಿ ಪತ್ರ. ಅಡ್ಡಗೆರೆ ಎಳೆದು, ‘ಕೇಳಿಲ್ಲ, ಬೇಡ’ ಎಂದು ಬರೆದು ಸಹಿ ಮಾಡಿದ್ದೇನೆ.

೫. ಡಾಕ್ಟರರ ಪತ್ರ. ನನ್ನ ಎಡ ಮಂಡಿ ಈ ಕೆಲಸಕ್ಕೆ ಇನ್ನು ಮೂರು ವರ್ಷ ಬಾಳಿದರೆ ಹೆಚ್ಚು ಎಂದಿದ್ದಾರೆ.

೬. ನನ್ನ ನಂತರ ಗೇಟು ಹತ್ತುವವರ ಪಟ್ಟಿ. ಏಳು ಹೆಸರು, ಆರು ಸಹಿ. ಏಳನೆಯ ಹೆಸರು ವೆಂಡೆಲ್ ಪೆನ್‌ಹೇಲ್. ಅದರ ಮುಂದೆ ಜಾಗ ಬಿಟ್ಟಿದೆ.